ಮೂಲೆ ಕ್ಯಾಬಿನ್ನಿನ ಗಿರಾಕಿ

ನಮ್ಮ ಕಡೆ ಗಂಡಸರು ತಮ್ಮ ಊರಲ್ಲಿ ಕುಡಿಯುವುದಿಲ್ಲ. ಚನ್ನಗಿರಿಯವರು ಹೊನ್ನಾಳಿಗೆ ಹೋಗಿ ಕುಡಿಯುತ್ತಾರೆ, ಹೊನ್ನಾಳಿಯವರು ನ್ಯಾಮತಿಗೆ ಬರುತ್ತಾರೆ, ನ್ಯಾಮತಿಯವರು ಏನೋ ಕೆಲಸ ಇದೆ ಅಂತ ಚನ್ನಗಿರಿಯ ಬಸ್ಸು ಹತ್ತುತ್ತಾರೆ. ಎದುರಾದ ಬಸ್ಸುಗಳ ಕಿಟಕಿಯಿಂದ ಒಬ್ಬರನ್ನೊಬ್ಬರು ನೋಡಿ ಮುಖ ತಿರುಗಿಸುತ್ತಾರೆ. ಹೆಂಡತಿಯರಾದ ನಮಗೆ ಇದೆಲ್ಲ ಗೊತ್ತು. ಗೊತ್ತಿಲ್ಲದವರ ಹಾಗೆ ಇರುತ್ತೇವೆ, ಅಷ್ಟೇ.

ಇಂಥ ಸೀಮೆಯಲ್ಲಿ ನನ್ನ ಗಂಡ ಕಲ್ಲೇಶ್ ಬಿಯರ್ ಫ್ಯಾಕ್ಟರಿ ತೆರೆದರು. ನ್ಯಾಮತಿಯಿಂದ ಆಚೆ, ಹೊನ್ನಾಳಿ ರಸ್ತೆಯ ಪಕ್ಕದಲ್ಲಿ. ಬಾಟಲಿಯ ಬಿಯರ್ ಅಲ್ಲ. ಅಲ್ಲೇ ಟ್ಯಾಂಕಿನಲ್ಲಿ ಮಾಡಿ, ಅಲ್ಲೇ ಗ್ಲಾಸಿಗೆ ಇಳಿಸಿ ಕೊಡುವುದು. ಬಾರ್ಲಿಯ ಜೊತೆ ಜಗಳೂರಿನ ನವಣೆ ಬೆರೆಸುವ ಯೋಚನೆ ಅವರದೇ. ಅಂಥದ್ದು ಬೆಂಗಳೂರಿನಲ್ಲಿದೆ ಎಂದು ಕೇಳಿದ್ದೆವೇ ಹೊರತು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಪರವಾನಗಿಗಾಗಿ ಅವರು ಓಡಾಡಿದ್ದನ್ನು ನೋಡಿ, ಇಷ್ಟು ಓಡಾಟ ನನ್ನನ್ನು ಮದುವೆಯಾಗಲು ಮಾಡಲಿಲ್ಲವಲ್ಲ ಎಂದು ನಾನು ರೇಗಿಸಿದ್ದುಂಟು.

ನಮ್ಮ ಅಪ್ಪಾಜಿ ಗುರುಬಸವರಾಜಪ್ಪ ಚನ್ನಗಿರಿಯ ಅಡಿಕೆ ವ್ಯಾಪಾರಿ. ಬೆಳಗ್ಗೆ ಲಿಂಗಪೂಜೆ ಆಗದೆ ನೀರು ಮುಟ್ಟದವರು. ಅಳಿಯ ಹೆಂಡ ಕಾಯಿಸುತ್ತಾನೆ ಎಂದು ಮಂಡಿಯಲ್ಲಿ ಯಾರೋ ನಕ್ಕರಂತೆ. ಅವತ್ತೇ ನಮ್ಮ ಮನೆಗೆ ಬಂದು, ನಡುಮನೆಯಲ್ಲಿ ನಿಂತುಕೊಂಡೇ ಹೇಳಿದರು. "ಮಗಳ ಮನೆ ಅಂತ ಇಲ್ಲಿಗೆ ಬರ್ತೀನಿ. ಆದ್ರೆ ಆ ಫ್ಯಾಕ್ಟರಿ ಹೊಸ್ತಿಲು ಮಾತ್ರ ನಾನು ಸಾಯೋವರ್ಗೂ ತುಳಿಯಾಕಿಲ್ಲ."

ಅಪ್ಪಾಜಿಯ ಮಾತೆಂದರೆ ಮಾತು. ಆಮೇಲೂ ಖೇಣಿ ಹಿಡಿದ, ಎಂದರೆ ಫಸಲಿಗೆ ಗುತ್ತಿಗೆ ಮಾಡಿಕೊಂಡ, ಅಡಿಕೆ ತೋಟ ನೋಡಲು ಗುರುವಾರ ಗುರುವಾರ ನ್ಯಾಮತಿ ಕಡೆ ಬರುತ್ತಿದ್ದರು, ನಮ್ಮಲ್ಲಿ ಊಟ ಮಾಡುತ್ತಿದ್ದರು. ಕೈ ತೊಳೆದವರೇ ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಡುತ್ತಿದ್ದರು. ಇನ್ನೊಂದು ಗಳಿಗೆ ಕೂರಿ ಎಂದರೆ ಕೇಳುತ್ತಿರಲಿಲ್ಲ. ನನ್ನ ಮೇಲಿನ ಸಿಟ್ಟೇ ಇದು ಎಂದುಕೊಂಡು ನಾನು ಅಡುಗೆಮನೆಯಲ್ಲಿ ಅತ್ತಿದ್ದೇನೆ.

ಕಲ್ಲೇಶ್ ನಮ್ಮ ಜನರನ್ನು ಬಲ್ಲವರು. ಫ್ಯಾಕ್ಟರಿಯೊಳಗೆ ಪ್ಲೈವುಡ್ ಅಡ್ಡಗಟ್ಟಿ ಸಾಲಾಗಿ ಕ್ಯಾಬಿನ್ ಮಾಡಿಸಿ, ಒಂದೊಂದಕ್ಕೂ ದಪ್ಪ ಪರದೆ ಹಾಕಿಸಿದರು. ಒಳಗಿದ್ದವರು ಎತ್ತದ ಹೊರತು ಆ ಪರದೆಯನ್ನು ಯಾರೂ ಎತ್ತಬಾರದು, ಮಾಲೀಕನೂ ಎತ್ತಬಾರದು ಎಂಬುದು ಮೊದಲ ದಿನದ ಕಟ್ಟಳೆ. ಮುಂಬಾಗಿಲಿನಿಂದ ಬರಲು ನಾಚುವವರಿಗೆ ಹಿಂದಿನ ಬಾಗಿಲು ಇತ್ತು. ಅದು ಪೀಪಾಯಿ ಉರುಳಿಸುವ ಬಾಗಿಲು, ಹೊಸ್ತಿಲೇ ಇರಲಿಲ್ಲ. ಮಳೆ ಬಂದರೆ ನೀರು ಒಳಗೇ. ಒಂದು ಹೊಸ್ತಿಲು ಹಾಕಿಸಿ ಎಂದು ನಾನು ಮಳೆಗಾಲ ಬಂದಾಗಲೆಲ್ಲ ಬೈಯುತ್ತಿದ್ದೆ.

ಗ್ಲಾಸು ಕೊಡುತ್ತಿದ್ದವನು ಕತ್ತಲಗೆರೆಯ ದುರುಗಪ್ಪ. ಯಾರು ಬಂದರು, ಯಾರು ಹೋದರು ಎಲ್ಲ ಅವನಿಗೆ ಗೊತ್ತು. ಅವನ ಬಾಯಿ ಬಿಡಿಸಲು ಮಾತ್ರ ಯಾರ ಕೈಲೂ ಆಗದು.

ಮೂಲೆಯ ಕ್ಯಾಬಿನ್ನಿಗೆ ಒಬ್ಬ ಗಿರಾಕಿ ಬರುತ್ತಿದ್ದರು. ಒಂದೇ ಗ್ಲಾಸು, ಅದೂ ನವಣೆಯದೇ. ಕುಡಿದಾದ ಮೇಲೆ ದುರುಗಪ್ಪನ ಹತ್ತಿರ ಒಂದು ಮಾತು ಹೇಳಿ ಕಳಿಸುತ್ತಿದ್ದರು. ಈ ಸಲ ನವಣೆ ಹೆಚ್ಚು ಹುರಿದಂತಿದೆ, ಈ ಸಲ ಕಹಿ ಹದವಾಗಿದೆ, ಹೀಗೆ. ಕಲ್ಲೇಶ್ ಆ ಮಾತಿಗಾಗಿ ಟ್ಯಾಂಕಿನ ಪಕ್ಕ ಕಾಯುತ್ತಾ ನಿಲ್ಲುತ್ತಿದ್ದರು. ದೊಡ್ಡ ಊರುಗಳಿಂದ ಬಂದು ಹೊಗಳಿ ಹೋದವರು ಬೇಕಾದಷ್ಟು ಜನ. ಅವರನ್ನು ಇವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಮೂಲೆ ಕ್ಯಾಬಿನ್ ಏನಂತು ಎಂಬುದೊಂದೇ ಇವರ ಪರೀಕ್ಷೆ.

ನನ್ನ ಹೊಟ್ಟೆಯಲ್ಲಿದ್ದ ಕೂಸು ಐದು ತಿಂಗಳಿಗೆ ಹೋದಾಗ ನಾನು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದೆ. ಇವರು ಅತ್ತ ಇತ್ತ ಓಡಾಡುತ್ತಾ ಮಾಡಿದ ಬಿಯರ್ ಕೆಟ್ಟಿತ್ತು. ಅವತ್ತು ಮೂಲೆ ಕ್ಯಾಬಿನ್ನಿನಿಂದ ಬಂದ ಮಾತನ್ನು ಇವರು ಆಸ್ಪತ್ರೆಗೆ ಬಂದು, ನನ್ನ ಮಂಚದ ಪಕ್ಕ ಕುಳಿತು ಹೇಳಿದ್ದರು. "ಈ ಸಲ ಕೈ ನಡುಗೈತೆ. ನಡುಗ್ಲಿ ಬಿಡು, ಮನುಷ್ಯ ಅಲ್ವಾ. ಮುಂದೆ ಎಲ್ಲಾ ಸರಿಯಾಕೈತೆ ಅಂತ ಹೇಳು." ಯಾರೋ ಏನೋ, ಪುಣ್ಯಾತ್ಮ ಎಂದೆ ನಾನು.

ಆಮೇಲೆ ಕಾಲ ಬದಲಾಯಿತು. ಶಿವಮೊಗ್ಗ, ದಾವಣಗೆರೆ ಕಡೆ ಥಳಥಳ ಎನ್ನುವ ಜಾಗಗಳು ತೆರೆದವು. ಮಾವಿನ ಹಣ್ಣಿನ ಬಿಯರ್ ಅಂತೆ, ಕಾಫಿಯ ಬಿಯರ್ ಅಂತೆ, ಗೋಡೆಯಗಲದ ಟಿವಿಯಂತೆ. ನಮ್ಮಲ್ಲಿ ಜನ ತೆಳುವಾದರು. ಮೊದಲು ಶುರು ಮಾಡಿದವರು ನಾವು, ನಾವೇ ಹಳಬರಾಗಿ ಕೂತರೆ ಹೇಗೆ ಎಂದು ಕಲ್ಲೇಶ್‌ಗೆ ಹಟ ಬಂತು. ಕ್ಯಾಬಿನ್ನುಗಳನ್ನೆಲ್ಲ ಕಿತ್ತು ಹಾಕಿಸಿದರು. ರಸ್ತೆ ಕಡೆಯ ಗೋಡೆ ಒಡೆಸಿ ನೆಲದಿಂದ ಸೂರಿನವರೆಗೆ ಗಾಜು ಹಾಕಿಸಿದರು, ಬಣ್ಣದ ದೀಪ ತೂಗುಹಾಕಿಸಿದರು. ನನಗೂ ಚೆಂದವೇ ಕಂಡಿತು, ಸುಳ್ಳು ಯಾಕೆ ಹೇಳಲಿ.

ಹುಡುಗರು ಬಂದರು, ಫೋಟೋ ತೆಗೆದುಕೊಂಡರು, ಹೋದರು. ಹಳಬರು ಬರಲೇ ಇಲ್ಲ. ಮೂಲೆಯ ಗಿರಾಕಿಯಂತೂ ಪತ್ತೆಯೇ ಇಲ್ಲ. ಕಲ್ಲೇಶ್ ಪ್ರತಿ ಸಲ ಟ್ಯಾಂಕಿನಿಂದ ಇಳಿಸಿದಾಗಲೂ ದುರುಗಪ್ಪನ ಮುಖ ನೋಡುವರು, ಅವನು ತಲೆ ಅಲ್ಲಾಡಿಸುವನು. ಕೊನೆಗೊಂದು ದಿನ ಊಟದ ತಟ್ಟೆ ಮುಂದೆ ಕುಳಿತು, "ನನ್ನ ಬಿಯರ್ ಯಾರಿಗೂ ಬ್ಯಾಡಾಗೈತೆ ಶಾಂತಲಾ" ಎಂದರು. "ಆ ಮನುಷ್ಯನೇ ಬಿಟ್ಟ ಅಂದ್ಮೇಲೆ ನಾನು ಯಾರಿಗೆ ಮಾಡ್ಲಿ?"

ಹುಬ್ಬಳ್ಳಿಯ ಒಬ್ಬರು ಟ್ಯಾಂಕುಗಳನ್ನು ಕೊಳ್ಳುತ್ತಾರೆ, ಬರುವ ಸೋಮವಾರ ಲಾರಿ ತರುತ್ತಾರೆ ಎಂದೂ ಹೇಳಿದರು. ಆ ಟ್ಯಾಂಕುಗಳು ಹೋದರೆ ಈ ಮನುಷ್ಯ ಬರೀ ಉಸಿರಾಡಿಕೊಂಡು ಇರುತ್ತಾರೆ ಎಂದು ನನಗೆ ಗೊತ್ತಿತ್ತು.

ಅದೇ ವಾರದಲ್ಲಿ ಅವ್ವನಿಗೆ ಮೈ ಸರಿಯಿಲ್ಲವೆಂದು ಚನ್ನಗಿರಿಗೆ ಹೋಗಿದ್ದೆ. ವಾಪಸು ಬರುವಾಗ ಅಪ್ಪಾಜಿ ಬಸ್‌ಸ್ಟ್ಯಾಂಡಿನವರೆಗೂ ಬಂದರು. ಅವರ ಕಾಲಲ್ಲಿ ನಾನು ಹೊನ್ನಾಳಿಯಲ್ಲಿ ಹೊಲಿಸಿ ಕೊಟ್ಟ ಚಪ್ಪಲಿ. ಎಡಗಾಲಿನದರ ಉಂಗುಷ್ಠ ಕಿತ್ತುಹೋಗಿ, ಅದಕ್ಕೆ ಕೆಂಪು ದಾರದ ಹೊಲಿಗೆ ಹಾಕಿಕೊಂಡಿದ್ದರು. ಹೊಸದು ತಗೊಳ್ಳಿ ಎಂದರೆ ಕೇಳಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ, ಎಲ್ಲೋ ನೋಡುತ್ತಾ, "ಗಾಜು ಯಾಕೆ ಹಾಕ್ಸಿದ್ರು?" ಎಂದರು. ನಿಮಗೇನು ಆ ಉಸಾಬರಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಹೊನ್ನಾಳಿಯಲ್ಲಿ ಬಸ್ಸು ಬದಲಾಯಿಸಿ ನ್ಯಾಮತಿ ದಾರಿ ಹಿಡಿದಾಗ ಸಂಜೆಯಾಗಿತ್ತು. ನಮ್ಮ ಫ್ಯಾಕ್ಟರಿ ಹತ್ತಿರ ಬಂದದ್ದೇ ತಡ, ಬಸ್ಸಿನ ಹೆಂಗಸರೆಲ್ಲ ಒಂದೇ ಕಡೆಯ ಕಿಟಕಿಗೆ ವಾಲಿದರು. ಗಾಜಿನಾಚೆ, ಬಣ್ಣದ ದೀಪದ ಕೆಳಗೆ, ಗ್ಲಾಸು ಹಿಡಿದು ಕುಳಿತವರು ಮೂಗು ಮೀಸೆ ಸಮೇತ ಕಾಣುತ್ತಿದ್ದರು. ನನ್ನ ಪಕ್ಕದ ಅಜ್ಜಿಯೊಬ್ಬಳು ಬೆರಳು ಮಾಡಿ, "ನೋಡಮ್ಮಾ, ನಮ್ಮ ಹನುಮಂತಮ್ಮನ ಅಳಿಯ ಅಲ್ವಾ ಅವನು" ಎಂದಳು.

ನನಗೆ ಅಲ್ಲೇ ಹೊಳೆಯಿತು. ಬಿಯರ್ ಯಾರಿಗೂ ಬೇಡವಾಗಿರಲಿಲ್ಲ. ಕುಡಿಯುವುದಕ್ಕೆ ಒಂದು ಮರೆ ಬೇಕಿತ್ತು, ಅದನ್ನು ನಾವೇ ಕೈಯಾರೆ ಕಿತ್ತು ಹಾಕಿದ್ದೆವು. ಊರೂರು ದಾಟಿ ಬಂದು ಕದ್ದು ಕುಡಿಯುವ ಜನರನ್ನು ಅಂಗಡಿಯ ಸೀರೆಗಳ ಹಾಗೆ ಗಾಜಿನೊಳಗೆ ಇಟ್ಟರೆ ಯಾರು ಬಂದಾರು? ಇಳಿದು ಹೋಗಿ ಗಂಡನಿಗೆ ಹೇಳಿದೆ. ರುಚಿ ಹಿಡಿಸಿದ್ದರೆ ಗಾಜಿಗೆ ಹೆದರುತ್ತಿದ್ದರೇ ಎಂದರು. ಗಂಡಸರ ತಲೆಗೆ ಕೆಲವು ವಿಷಯ ಸುತ್ತಿಗೆಯಿಂದ ಹೊಡೆದರೂ ಇಳಿಯುವುದಿಲ್ಲ.

ನಾನು ವಾದಕ್ಕೆ ನಿಲ್ಲಲಿಲ್ಲ. ಪೆಟ್ಟಿಗೆ ತೆಗೆದು ನನ್ನ ಹಳೆಯ ಇಳಕಲ್ ಸೀರೆ, ಬಾಣಂತನಕ್ಕೆಂದು ಅವ್ವ ತಂದಿಟ್ಟಿದ್ದ ಮೆತ್ತನೆ ನೂಲಿನ ಸೀರೆ, ಎಲ್ಲವನ್ನೂ ಹೊರಗೆ ಹಾಕಿದೆ. ದುರುಗಪ್ಪ ಹಗ್ಗ ಕಟ್ಟಿದ. ಗಾಜಿನುದ್ದಕ್ಕೂ ಸೀರೆ, ಟೇಬಲ್ಲಿಗೊಂದು ಸೀರೆ. ಕಲ್ಲೇಶ್ ಬಂದು ನೋಡಿ, ಇದು ಬಾಣಂತಿ ಕೋಣೆ ಆಯಿತಲ್ಲ ಎಂದರು. ಸೋಮವಾರದವರೆಗಾದರೂ ಇರಲಿ ಎಂದೆ.

ಅವ್ವನಿಗೆ ಫೋನು ಮಾಡಿ, ನೀನು ತಂದಿಟ್ಟ ಸೀರೆಗಳೆಲ್ಲ ಫ್ಯಾಕ್ಟರಿಗೆ ಪರದೆಯಾದವು ಎಂದು ಗೋಳಾಡಿದೆ. ಅವ್ವನ ಕಿವಿ ಮಂದ, ಫೋನಿನ ಮಾತು ಮನೆಗೆಲ್ಲ ಕೇಳುವಂತೆ ಇಟ್ಟುಕೊಳ್ಳುತ್ತಾಳೆ. ಅಪ್ಪಾಜಿ ಅಲ್ಲೇ ಕೆಮ್ಮಿದ್ದು ಕೇಳಿಸಿತು.

ಗುರುವಾರ ಅಪ್ಪಾಜಿ ಊಟಕ್ಕೆ ಬರಲಿಲ್ಲ. ಮಧ್ಯಾಹ್ನ ನಾನು ಫ್ಯಾಕ್ಟರಿಯಲ್ಲೇ ಇದ್ದೆ, ಕಲ್ಲೇಶ್ ಒಳಗೆ ಕೊನೆಯ ಟ್ಯಾಂಕಿನ ಮುಂದೆ ಸುಮ್ಮನೆ ಕುಳಿತಿದ್ದರು. ದುರುಗಪ್ಪ ಹಿಂದಿನ ಬಾಗಿಲ ಕಡೆಯಿಂದ ಬಂದವನೇ ಮೆಲ್ಲಗೆ ಹೇಳಿದ. "ಅಕ್ಕಾರೆ, ಮೂಲೆಯೋರು ಬಂದಾರೆ."

ನೋಡಬಾರದಿತ್ತು. ನೋಡಿದೆ. ಮೂಲೆಯಲ್ಲಿ ತೂಗುಬಿಟ್ಟಿದ್ದ ನೂಲಿನ ಸೀರೆ ನೆಲದಿಂದ ಒಂದು ಗೇಣು ಮೇಲಿತ್ತು. ಅದರಡಿಯಲ್ಲಿ ಒಂದು ಜೊತೆ ಚಪ್ಪಲಿ. ಎಡಗಾಲಿನ ಉಂಗುಷ್ಠಕ್ಕೆ ಕೆಂಪು ದಾರ.

ಅಪ್ಪಾಜಿ ಬಸ್ಸಿಗೆ ಹೊತ್ತಾಯಿತೆಂದು ಓಡುತ್ತಿದ್ದುದು ಇಲ್ಲಿಗೆ. ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ, ನನಗೆ ಹೇಳಲಾಗದ್ದನ್ನು ಈ ಮೂಲೆಯಿಂದ ಹೇಳಿ ಕಳಿಸಿದ್ದರು. ಪರದೆ ಎತ್ತಿ ಅವರ ಮಡಿಲಲ್ಲಿ ತಲೆ ಇಡಬೇಕೆನ್ನಿಸಿತು. ಎತ್ತಿದರೆ ಅವರು ಇನ್ನೆಂದೂ ಬರುವುದಿಲ್ಲ. ಅಳಿಯನಿಗೆ ಗೊತ್ತಾದರೂ ಅಷ್ಟೇ. ಮಾವ ಅಳಿಯನ ಎದುರು ಗ್ಲಾಸು ಹಿಡಿಯುವುದು ನಮ್ಮಲ್ಲಿಲ್ಲ.

ಅದಕ್ಕೇ ನಾನೇ ಹೋಗಿ ಗ್ಲಾಸು ತೊಳೆದು, ನವಣೆಯದನ್ನು ತುಂಬಿ, ನೊರೆ ಇಳಿಯುವವರೆಗೂ ಕಾದು ದುರುಗಪ್ಪನ ಕೈಗೆ ಕೊಟ್ಟೆ. ಸೀರೆಯಂಚಿನಿಂದ ಅವನ ಕೈ ಒಳಗೆ ಹೋಯಿತು. ಖಾಲಿ ಗ್ಲಾಸು ಹೊರಗೆ ಬಂತು. ಆಮೇಲೆ ಪಿಸುಮಾತು. ದುರುಗಪ್ಪ ಟ್ಯಾಂಕಿನ ಹತ್ತಿರ ಹೋಗಿ, ಒಪ್ಪಿಸುವವನ ಹಾಗೆ ಕೈಕಟ್ಟಿ ನಿಂತು ಹೇಳಿದ. "ಮೂಲೆಯೋರು ಹೇಳ್ಯಾರೆ. ನವಣೆ ಸ್ವಲ್ಪ ಹಳೇದು. ಕೈ ಮಾತ್ರ ಅದೇ ಐತೆ. ನಿಲ್ಲಿಸಬ್ಯಾಡ ಅನ್ನು."

ಕಲ್ಲೇಶ್ ಮುಖ ಮುಚ್ಚಿಕೊಂಡು ಅತ್ತರು. ನಾನು ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಟ್ಟು ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹುಬ್ಬಳ್ಳಿಗೆ ಫೋನು ಮಾಡಿ, ಲಾರಿ ಬೇಡ ಎಂದರು. ಜಗಳೂರಿನ ಅಂಜಿನಪ್ಪನಿಗೆ ಹೊಸ ನವಣೆ ಕಳಿಸಲು ಹೇಳಿದರು. ಮುಂದಿನ ವಾರಗಳಲ್ಲಿ ಹಿಂದಿನ ಬಾಗಿಲಿನಿಂದ ಒಬ್ಬೊಬ್ಬರೇ ಹಳಬರು ಬಂದರು. ಮೊದಲಿನಷ್ಟು ಜನವಿಲ್ಲ. ಟ್ಯಾಂಕು ಖಾಲಿಯಾಗುವಷ್ಟು ಇದ್ದಾರೆ.

ಮೊನ್ನೆ ಗುರುವಾರ ಅಪ್ಪಾಜಿ ನಮ್ಮ ಮನೆಯಲ್ಲಿ ರೊಟ್ಟಿ ತಿಂದು ಮಜ್ಜಿಗೆ ಕುಡಿಯುತ್ತಿದ್ದರು. ಅಳಿಯ ಎದುರಿಗೇ ಇದ್ದರು. ವ್ಯಾಪಾರ ಹೆಂಗೈತೆ ಎಂದು ಅವರನ್ನು ಕೇಳಿ, ಉತ್ತರಕ್ಕೂ ಕಾಯದೆ, ತಾವು ಆ ಫ್ಯಾಕ್ಟರಿ ಹೊಸ್ತಿಲು ತುಳಿಯುವುದಿಲ್ಲ ಎಂದು ಇನ್ನೊಂದು ಸಲ ಹೇಳಿದರು. ಬ್ಯಾಡ ಬಿಡ್ರಿ ಮಾವ ಎಂದರು ಕಲ್ಲೇಶ್, ತಗ್ಗಿದ ದನಿಯಲ್ಲಿ. ಅಪ್ಪಾಜಿ ಕೈ ತೊಳೆದು, ಬಸ್ಸಿಗೆ ಹೊತ್ತಾತು ಎಂದು ಎದ್ದರು. ನಾನು ಬಾಗಿಲವರೆಗೆ ಹೋಗಿ, ನಿಧಾನಕ್ಕೆ ಹೋಗ್ರಿ ಅಪ್ಪಾಜಿ ಎಂದೆ.

ಮಳೆ ಶುರುವಾಗಿದೆ. ಬಡಗಿಯನ್ನು ಕರೆಸಿದ್ದೀನಿ, ಹಿಂದಿನ ಬಾಗಿಲಿಗೆ ಹೊಸ್ತಿಲು ಹಾಕಿಸೋಣ, ಇಷ್ಟು ವರ್ಷದಿಂದ ಬೈತಿದ್ದೆಯಲ್ಲ ಎಂದು ಕಲ್ಲೇಶ್ ಸಂಜೆ ಹೇಳಿದರು. ಬೇಡ ಎಂದೆ. ನೀರು ಬಂದರೆ ನಾನೇ ಬಳಿಯುತ್ತೇನೆ ಎಂದೆ.