ನೂಲಿನ ಕೋಣೆಯ ಹಾಡು

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮಗ್ಗಗಳು ಸುಮ್ಮನಿರುವುದು ಅಮಾವಾಸ್ಯೆಯ ದಿನ ಮಾತ್ರ. ಮಿಕ್ಕ ದಿನಗಳಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕಿವಿಗೆ ಬೀಳದು. ಚಿಕ್ಕವೆಂಕಟಪ್ಪ ಈ ಅಮಾವಾಸ್ಯೆಗೆಂದೇ ಕಾದಿದ್ದ. ಕಾದಿದ್ದ ಎನ್ನುವುದಕ್ಕಿಂತ ಹೆದರಿದ್ದ ಎನ್ನಬೇಕು. ಅಂದೇ ಮಧ್ಯಾಹ್ನದ ಬಸ್ಸಿಗೆ ಹೆಂಡತಿ ಅನುಸೂಯಮ್ಮನನ್ನು ಬೆಂಗಳೂರಿಗೆ ಕರೆದೊಯ್ದು ಆಸ್ಪತ್ರೆಗೆ ಸೇರಿಸಬೇಕಾಗಿತ್ತು. ಆಕೆಯ ಗಂಟಲಲ್ಲಿ ಗಂಟೊಂದು ಬೆಳೆದಿತ್ತು. ಕೊಯ್ದು ತೆಗೆದರೆ ಪ್ರಾಣಕ್ಕೆ ಭಯವಿಲ್ಲ, ಆದರೆ ದನಿ ಉಳಿಯುವ ಮಾತು ಹೇಳಲಾರೆ ಎಂದಿದ್ದರು ಡಾಕ್ಟರು.

ಅನುಸೂಯಮ್ಮ ನಸುಕಿನಲ್ಲಿ ಹೊಸ್ತಿಲು ತೊಳೆಯುತ್ತ ದೇವರನ್ನು ಎಬ್ಬಿಸುವ ಒಂದು ಹಾಡು ಹೇಳುತ್ತಿದ್ದಳು. ಆಕೆಯ ತಾಯಿಯಿಂದ ಬಂದದ್ದು. ಬೇರೆ ಯಾರಿಗೂ ಬರುತ್ತಿರಲಿಲ್ಲ. ಮದುವೆಯಾದಂದಿನಿಂದ ಚಿಕ್ಕವೆಂಕಟಪ್ಪನಿಗೆ ಬೆಳಗಾಗುತ್ತಿದ್ದುದೇ ಆ ಹಾಡಿನಿಂದ. ಹೇಗಾದರೂ ಮಾಡಿ ಅದನ್ನು ಟೇಪಿನ ಮೇಲೆ ಹಿಡಿದಿಡಬೇಕೆಂದು ಹಟ ತೊಟ್ಟಿದ್ದ.

ಅವನು ಮಗ್ಗದವನಾದರೂ ಬಿಡುವಿನಲ್ಲಿ ರೇಡಿಯೋ ಬಿಚ್ಚಿ ಜೋಡಿಸುವ ಹುಚ್ಚಿತ್ತು. ಬೆಂಗಳೂರಿನಿಂದ ತಂದ ಹಳೆಯ ಸ್ಪೂಲ್ ಟೇಪ್ ರೆಕಾರ್ಡರ್ ಒಂದಿತ್ತು. ಆದರೆ ಅನುಸೂಯಮ್ಮನ ದನಿ ಈಗ ನೂಲಿನ ಎಳೆಯಷ್ಟು ಸಣ್ಣಗಾಗಿ, ಟೇಪಿನ ಸುಯ್ಯೆನ್ನುವ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಅದಕ್ಕೆಂದೇ ಮೈಕಿಗೂ ರೆಕಾರ್ಡರಿಗೂ ನಡುವೆ ಇಡಲು ಅವನು ಹಳೆಯ ರೇಡಿಯೋಗಳ ಗಾಜಿನ ವಾಲ್ವು ಹಾಕಿ ಒಂದು ಪೆಟ್ಟಿಗೆ ಕಟ್ಟಿದ. ಸಣ್ಣ ದನಿಯನ್ನು ಹಿಗ್ಗಿಸಿ ಟೇಪಿಗೆ ಒಪ್ಪಿಸುವ ಪೆಟ್ಟಿಗೆ ಅದು. ಮೊದಲು ಕಟ್ಟಿದಾಗ ಬರೀ ಗುಂಯ್ ಎಂದಿತು. ಬಿಚ್ಚಿದ, ಕಟ್ಟಿದ, ಅರ್ಥಿಂಗ್ ತಂತಿಯನ್ನು ಮೂಲೆಮೂಲೆಗೆ ಎಳೆದ. ಕೊನೆಗೆ ಟ್ರಾನ್ಸ್‌ಫಾರ್ಮರನ್ನೇ ಪೆಟ್ಟಿಗೆಯಿಂದ ಕಿತ್ತು ಗೋಡೆಯಾಚೆ ಇಟ್ಟ ಮೇಲೆ ಗುಂಯ್ ಎನ್ನುವುದು ನಿಂತಿತು. ನೂಲಿನ ಕೋಣೆಯೇ ಅವನ ಸ್ಟುಡಿಯೋ. ಸೂರಿನವರೆಗೆ ಪೇರಿಸಿದ ನೂಲಿನ ಕಟ್ಟುಗಳ ನಡುವೆ ಪ್ರತಿಧ್ವನಿಯೆಂಬುದೇ ಇರಲಿಲ್ಲ.

ಆ ಬೆಳಿಗ್ಗೆ ಎಲ್ಲ ಸಜ್ಜಾಯಿತು. ವಾಲ್ವಿಗೆ ಮುಚ್ಚುವ ತಗಡಿನ ಟೋಪಿಯನ್ನು ಮಾತ್ರ ಅವನು ಇನ್ನೂ ಹಾಕಿರಲಿಲ್ಲ. ಗಾಜಿನೊಳಗಿನ ಕೆಂಪು ನೋಡುತ್ತಿದ್ದರೆ ಜೀವಕ್ಕೊಂದು ಧೈರ್ಯ. ಅಷ್ಟರಲ್ಲಿ ಪಕ್ಕದ ಮನೆಯಿಂದ ದಡ್ ದಡ್ ಎಂದು ಒನಕೆಯ ಸದ್ದು ಕೇಳಿತು. ಓಡಿದ.

"ಬೈರಮ್ಮಾ, ಒಂದು ಗಳಿಗೆ ನಿಲ್ಲಿಸವ್ವಾ!"

"ಯಾಕಪ್ಪಾ, ಮೆಣಸಿನಕಾಯಿ ಕುಟ್ಟಿದ್ರೆ ನಿನ್ ಪೆಟ್ಟಿಗೆಗೆ ಸೀನು ಬತ್ತದಾ?"

"ಅನುಸೂಯ ಹಾಡ್ತಾಳೆ. ಮಧ್ಯಾಹ್ನ ಹೊರಡಬೇಕು."

ಬೈರಮ್ಮ ಒನಕೆಯನ್ನು ಗೋಡೆಗೆ ಒರಗಿಸಿದಳು. "ಅಮಾವಾಸ್ಯೆ ದಿನ ಯಾರಪ್ಪಾ ಹೊರಡ್ತಾರೆ?" ಎಂದು ಮೆಲ್ಲಗೆ ಅಂದಳು. ಆ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ನಾಟಿತು. ಡಾಕ್ಟರು ಕೊಟ್ಟ ದಿನವನ್ನು ತಾನೇನು ಮಾಡಲಾದೀತು?

ಅವನು ಹಿಂದಿರುಗುವಷ್ಟರಲ್ಲಿ ಅನುಸೂಯಮ್ಮ ಸ್ನಾನ ಮುಗಿಸಿ ಬಂದಿದ್ದಳು. ಪೆಟ್ಟಿಗೆಗೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಮಾವಿನೆಲೆಯನ್ನು ತೀರ್ಥದಲ್ಲಿ ಅದ್ದಿ ಪ್ರೋಕ್ಷಣೆ ಮಾಡುತ್ತಿದ್ದಳು. ಬಾಗಿಲಲ್ಲಿ ನಿಂತ ಚಿಕ್ಕವೆಂಕಟಪ್ಪ ಬಾಯಿ ತೆರೆಯುವ ಮೊದಲೇ ಟಿಕ್ ಎಂದಿತು. ಕಾದ ಗಾಜು ಸೀಳಿತ್ತು. ವಾಲ್ವಿನ ನೆತ್ತಿಯ ಕನ್ನಡಿಯಂಥ ಹೊಳಪು ನೋಡನೋಡುತ್ತಲೇ ವಿಭೂತಿಯಂತೆ ಬೆಳ್ಳಗಾಯಿತು. ಒಳಗೆ ಗಾಳಿ ಹೊಕ್ಕು ವಾಲ್ವು ಸತ್ತಿತ್ತು.

"ನಿನ್ನ ಪೂಜೆಗಷ್ಟು ಬೆಂಕಿ ಬೀಳ!" ಎಂದುಬಿಟ್ಟ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡ.

ಆಕೆ ಎಲೆಯನ್ನು ಬಟ್ಟಲಿನಲ್ಲಿಟ್ಟಳು. "ನೀರು ಚಿಮುಕಿಸದೆ ಹೊಸ ಮಗ್ಗ ಯಾವತ್ತಾದ್ರೂ ಓಡಿಸಿದ್ದೀರೇನ್ರೀ? ಇದೂ ನೀವು ಕಟ್ಟಿದ್ದೇ ಅಲ್ವಾ?"

ನಿಜವೇ. ಹಾಗೆ ಓಡಿಸಿದವನಲ್ಲ. ಟೋಪಿ ಮುಚ್ಚದೆ ಹೋದವನೂ ತಾನೇ. ತಲೆ ತಗ್ಗಿಸಿ, ಸತ್ತ ವಾಲ್ವನ್ನು ಕಿತ್ತುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಬಸ್ ನಿಲ್ದಾಣದ ಕಡೆ ಓಡಿದ. ಅಲ್ಲಿ ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಗೆಳೆಯ ಶಫೀವುಲ್ಲಾನ ಅಂಗಡಿ ಇತ್ತು.

"ಶಫೀ, ನಿನ್ನ ಸೆಟ್ಟಲ್ಲಿ ಇದೇ ನಂಬರಿನ ವಾಲ್ವು ಐತಲ್ಲ, ಸೆಟ್ಟು ಇಲ್ಲೇ ಐತೇನೋ, ಬಾಡಿಗೆಗೆ ಹೋಗೈತಾ?"

"ಅಮಾಸೆ ದಿನ ನಿಮ್ಮೋರು ಯಾರು ಗುರೂ ಮದುವೆ ಮಾಡ್ತಾರೆ? ಮಲಗೈತೆ ನೋಡು ಮೂಲೇಲಿ, ನನ್ ಮಾವನ್ ಥರ" ಎಂದ ಶಫೀವುಲ್ಲಾ. ಗೆಳೆಯನ ಮುಖ ಕಂಡೊಡನೆ ನಗೆ ಬಿಟ್ಟು ವಾಲ್ವನ್ನು ಕಿತ್ತು ಕೊಟ್ಟ. "ಹಳೇ ಮಾಲು ಕಣೋ. ಚೆನ್ನಾಗಿ ಬಿಸಿ ಆಗೋಗಂಟ ಚಟಪಟ ಅಂತದೆ. ಅವಸರ ಮಾಡ್ಬೇಡ. ಅಕ್ಕನಿಗೆ ನಾನೂ ದುವಾ ಮಾಡ್ತೀನಿ ಅಂತ ಹೇಳು."

ವಾಲ್ವು ಕೂತಿತು, ಟೋಪಿ ಮುಚ್ಚಿತು. ಮೊದಲು ಒಗ್ಗರಣೆ ಸಿಡಿದಂತೆ ಚಟಪಟ. ಬಿಸಿಲು ನೂಲಿನ ಕಟ್ಟುಗಳ ಮೇಲೇರುತ್ತಿತ್ತು. ಹೊತ್ತು ಜಾರುತ್ತಿತ್ತು. ಸದ್ದು ತಗ್ಗುತ್ತ ತಗ್ಗುತ್ತ ಕೊನೆಗೆ ಅಡಗಿತು. ಚಿಕ್ಕವೆಂಕಟಪ್ಪ ಕೈಸನ್ನೆ ಮಾಡಿದ.

ಅನುಸೂಯಮ್ಮ ಕಣ್ಣು ಮುಚ್ಚಿ ಹಾಡಿದಳು. ಅವನಿಗೆ ಹಾಡು ಕೇಳಿಸಲೇ ಇಲ್ಲ. ಅವನ ಜೀವವೆಲ್ಲ ದನಿಯ ಏರಿಳಿತ ತೋರಿಸುವ ರೆಕಾರ್ಡರಿನ ಹಸಿರು ದೀಪದಲ್ಲಿತ್ತು. ಅದು ಹಿಗ್ಗಿದರೆ ದನಿ ಒಡೆದೀತೆಂಬ ಭಯ, ಕುಗ್ಗಿದರೆ ಮುಳುಗೀತೆಂಬ ಭಯ. ನಡುವೆ ಒಮ್ಮೆ ಆಕೆಯ ಉಸಿರು ಸಿಕ್ಕಿಕೊಂಡಿತು. ಬಲಗೈ ಗಂಟಲಿಗೆ ಹೋಯಿತು. ಅವನು ಸ್ವಿಚ್ಚಿನತ್ತ ಕೈಚಾಚಿದ. ಆಕೆ ಬೇಡವೆಂದು ತಲೆಯಾಡಿಸಿ, ಉಗುಳು ನುಂಗಿ, ಬಿಟ್ಟಲ್ಲಿಂದಲೇ ಎತ್ತಿಕೊಂಡು ಹಾಡನ್ನು ಮುಗಿಸಿದಳು.

ಅವನು ಟೇಪನ್ನು ಹಿಂದಕ್ಕೆ ಸುತ್ತಿ ಹಾಕಿದ. ದನಿ ಬಂತು. ಸಣ್ಣಗಾದರೂ ತಿಳಿಯಾಗಿ, ಎದುರಿಗೆ ಕೂತು ಹಾಡಿದಂತೆ ಬಂತು. ಆದರೆ ಅದರ ಅಡಿಯಲ್ಲಿ ಇನ್ನೇನೋ ಗುಣುಗುಣು.

"ಅದ್ಯಾರ್ರೀ?" ಎಂದಳು ಅನುಸೂಯಮ್ಮ.

ಅವನು ಕಿವಿಗೊಟ್ಟ. "ಘಾಟಿ ಸುಬ್ಬಪ್ಪಾ, ಕಾಪಾಡಪ್ಪಾ, ಕಾಪಾಡಪ್ಪಾ..." ತನ್ನದೇ ದನಿ! ಹಾಡಿನುದ್ದಕ್ಕೂ ಬೇಡಿಕೊಂಡಿದ್ದಾನೆ, ತನಗೇ ಅರಿವಿಲ್ಲದೆ. ಉಸಿರನ್ನೂ ಬಿಡದಂಥ ಪೆಟ್ಟಿಗೆ ಅದನ್ನೂ ಹಿಡಿದಿಟ್ಟಿತ್ತು.

"ಅಯ್ಯೋ, ಕೆಡಿಸಿಬಿಟ್ಟೆ ಕಣೇ! ಇನ್ನೊಂದು ಸಾರಿ ಹಾಡ್ತೀಯಾ? ಇದನ್ನ ಅಳಿಸಿ..."

ಆಕೆ ಬಿಸಿನೀರಿನ ಲೋಟ ಕೆಳಗಿಟ್ಟಳು. ಮಾತು ಗೊರಗೊರನೆ ಬಂತು. "ಇನ್ನು ಆಗಲ್ಲ ರೀ, ಉರೀತದೆ. ಇರಲಿ ಬಿಡಿ. ನಾನು ದೇವರನ್ನ ಎಬ್ಬಿಸ್ತಿದ್ದೆ, ನೀವು ಕೇಳೋದು ಕೇಳ್ಕೊಂಡ್ರಿ. ಅದನ್ನ್ಯಾಕೆ ಅಳಿಸ್ತೀರಿ?"

ಅವನು ಸ್ಪೂಲನ್ನು ದೇವರ ಗೂಡಿನಲ್ಲಿಟ್ಟ. ದೀಪದ ಶಾಖ ತಗುಲೀತೆಂದು ತೆಗೆದ. ಬಟ್ಟೆಯ ಪೆಟ್ಟಿಗೆಯಲ್ಲಿಟ್ಟ, ಇಲಿ ಕಡಿದೀತೆಂದು ಅಲ್ಲಿಂದಲೂ ತೆಗೆದ. ಕೊನೆಗೆ ಆಕೆಯ ರವಿಕೆಯಲ್ಲಿ ಸುತ್ತಿ ಬೈರಮ್ಮನ ಕೈಗೆ ಕೊಟ್ಟ.

ಬಸ್ಸಿನಲ್ಲಿ ಆಕೆಯನ್ನು ಕಿಟಕಿಯ ಪಕ್ಕ ಕೂರಿಸಿ, "ಗಂಟಲಿಗೆ ಶ್ರಮ ಕೊಡಬೇಡ, ಮಾತಾಡಬೇಡ" ಎಂದ. ಆಕೆ ತಲೆಯಾಡಿಸಿ ಸೆರಗು ಹೊದ್ದುಕೊಂಡಳು. ಬಸ್ಸು ಹೊರಟಿತು. ಆಕೆ ಹೊರಗೆ ನೋಡುತ್ತ ಸುಮ್ಮನೆ ಕೂತಿದ್ದಳು. ಊರು ದಾಟುವಷ್ಟರಲ್ಲಿ ಅವನಿಂದ ತಡೆಯಲಾಗಲಿಲ್ಲ.

"ಅನುಸೂಯಾ, ಏನಾದ್ರೂ ಮಾತಾಡೇ."

"ಏನು ಮಾತಾಡಲಿ?"

"ಏನಾದ್ರೂ."

ಆಕೆ ಅವನ ಕಾಲು ನೋಡಿದಳು. "ಚಪ್ಪಲಿ ಎಲ್ರೀ?" ಎಂದಳು. ಆಮೇಲೆ, ಆಸ್ಪತ್ರೆಗೆ ಬರಿಗಾಲಲ್ಲಿ ಬರುವ ಗಂಡನನ್ನು ಕಟ್ಟಿಕೊಂಡದ್ದಕ್ಕೆ ಮೆಲ್ಲನೆಯ ಗೊಗ್ಗರು ದನಿಯಲ್ಲಿ ಬೈಯತೊಡಗಿದಳು. ಚಿಕ್ಕವೆಂಕಟಪ್ಪ ಇಂಜಿನ್ನಿನ ಸದ್ದಿನಲ್ಲಿ ಒಂದು ಮಾತೂ ತಪ್ಪದಂತೆ, ಕಿವಿಯನ್ನು ಆಕೆಯ ಬಾಯಿಯ ಹತ್ತಿರ ತಂದು ಕೇಳುತ್ತ ಹೋದ.