ಶಲ್ಯದಡಿ ಹಿಡಿದ ಬೆರಳು

ಧಾರವಾಡದ ಮಾಸ್ತರಿಕೆಯ ಟ್ರೇನಿಂಗ್ ಕಾಲೇಜಿನಲ್ಲಿ ಎರಡನೆಯ ಸಲವೂ ನಪಾಸಾಗಿ ಗುರುಬಸವ್ವ ಬೈಲಹೊಂಗಲಕ್ಕೆ ಬಂದಿಳಿದಾಗ ಅವಳ ಮುಖದಲ್ಲಿ ನಾಚಿಕೆಯೆಂಬುದು ಸಾಸಿವೆಯಷ್ಟೂ ಇರಲಿಲ್ಲ. ಸೋದರತ್ತೆ ಸಾವಿತ್ರೆವ್ವನಿಗೆ ಉರಿದದ್ದೇ ಅದಕ್ಕೆ. ನಪಾಸಾದವರು ಮೂಲೆ ಹಿಡಿದು ನಾಲ್ಕು ದಿನ ಅಳಬೇಕು. ಇವಳು ಕೈಕಾಲು ತೊಳೆದವಳೇ ಒಂದು ರೊಟ್ಟಿ ಹೆಚ್ಚಿಗೆ ಉಂಡಳು.

ಅವಳು ದಡ್ಡಳೇನಲ್ಲ. ಆದರೆ ಅಂಕಗಣಿತದ ತಾಸು ಬಂತೆಂದರೆ ವಸತಿಗೃಹದಲ್ಲಿ ಯಾರಾದರೊಬ್ಬ ಹುಡುಗಿಗೆ ಜ್ವರ ಬಂದಿರುತ್ತಿತ್ತು; ಬಾರದಿದ್ದರೆ ಗುರುಬಸವ್ವ ಹುಡುಕಿ ಬರಿಸುತ್ತಿದ್ದಳು. ಆ ಹುಡುಗಿಯನ್ನು ದವಾಖಾನೆಗೆ ಕರೆದೊಯ್ದು, ಅಲ್ಲಿಯ ನರ್ಸಬಾಯಿ ಗಾಯ ತೊಳೆದು ಪಟ್ಟಿ ಕಟ್ಟುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಈಗ ಅವಳಿಗೆ ಬೇಕಾದದ್ದು ಒಂದೇ, ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿ ನರ್ಸ್ ಕೆಲಸ ಕಲಿಯುವುದು. ಅದಕ್ಕೆ ಅಪ್ಪ ಮಡಿವಾಳೆಪ್ಪ ಹೂಂ ಅನ್ನಬೇಕಿತ್ತು.

"ಕಂಡಕಂಡವರ ಮೈ ಮುಟ್ಟೋ ಕೆಲಸಾ ನಮ್ಮ ಮನಿತನದಾಗ ಯಾರೂ ಮಾಡಿಲ್ಲ," ಎಂದುಬಿಟ್ಟಿದ್ದ ಅವನು.

ಚಿಕ್ಕಂದಿನಲ್ಲೇ ಮದುವೆಯಾಗಿದ್ದ ಗುರುಬಸವ್ವ ಗಂಡನ ಮನೆ ಸೇರುವ ಮೊದಲೇ ಗಂಡ ಪ್ಲೇಗಿನಲ್ಲಿ ತೀರಿಹೋಗಿದ್ದ. ಕಲಿತು ಮಾಸ್ತರಿಣಿಯಾದರೆ ಸರಿ, ಇಲ್ಲವಾದರೆ ಉಡಿಕೆಯ ಮರುಮದುವೆ ಮಾಡಿ ಇನ್ನೊಂದು ಮನೆಗೆ ಕೊಡುವುದೆಂದು ಸಾವಿತ್ರೆವ್ವ, ಮಡಿವಾಳೆಪ್ಪ ಅಕ್ಕ ತಮ್ಮ ಮೊದಲೇ ಮಾತಾಡಿಕೊಂಡಿದ್ದರು. ಮನೆಯನ್ನೂ ನೋಡಿಟ್ಟಿದ್ದರು: ರಾಮದುರ್ಗದ ಹತ್ತಿ ವ್ಯಾಪಾರಿ ಅಂದಾನೆಪ್ಪ. ಹೆಂಡತಿ ಸತ್ತವನು, ಒಳ್ಳೆಯವನೇ, ಆದರೆ ಕೂತಲ್ಲಿ ನಿಂತಲ್ಲಿ ಹತ್ತಿಯ ಮಾತೇ. ಅವನು ಮಡಿವಾಳೆಪ್ಪನ ಹತ್ತಿ ಕೊಳ್ಳಲು ಬರುವ ದಿನವೇ ಈ ಮಾತನ್ನೂ ಮುಗಿಸುವುದೆಂದು ನಿಶ್ಚಯವಾಯಿತು.

ಹತ್ತಿಯ ದರವನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಕೊಡುವವನೂ ಕೊಳ್ಳುವವನೂ ಶಲ್ಯದಡಿ ಕೈಯಿಟ್ಟು, ಬೆರಳು ಹಿಡಿದು ಹೇಳಿಕೊಳ್ಳುತ್ತಾರೆ. ಒಮ್ಮೆ ಹಿಡಿದ ಮೇಲೆ ಮಾತು ತಿರುಗಿಸುವಂತಿಲ್ಲ. ಈ ವಿಷಯದಲ್ಲಿ ಮಡಿವಾಳೆಪ್ಪನಷ್ಟು ಕಟ್ಟುನಿಟ್ಟಿನವನು ಪೇಟೆಯಲ್ಲೇ ಇರಲಿಲ್ಲ. ಹೋದ ಸುಗ್ಗಿಯಲ್ಲಿ ಅಂದಾನೆಪ್ಪ ಶಲ್ಯದಡಿ ಕೈಯಿಟ್ಟಾಗ ಸೀನು ಬಂದು ಒಂದು ಬೆರಳು ಹೆಚ್ಚಿಗೆ ಹಿಡಿದುಬಿಟ್ಟಿದ್ದ. ಎಷ್ಟು ಗೋಗರೆದರೂ ಮಡಿವಾಳೆಪ್ಪ, "ಸೀನಿದ್ದು ಮೂಗು, ಹಿಡದದ್ದು ಕೈ," ಎಂದು ಅದೇ ದರಕ್ಕೆ ಹತ್ತಿ ಹೇರಿಸಿ ಕಳಿಸಿದ್ದ.

ಈ ಸಲ ಮಡಿವಾಳೆಪ್ಪನ ತೋರುಬೆರಳಿಗೇ ಉಗುರುಸುತ್ತಾಗಿ ಬೆರಳು ಬದನೆಕಾಯಿಯಂತೆ ಊದಿಕೊಂಡಿತ್ತು. ಸಾವಿತ್ರೆವ್ವ ಲಿಂಬೆಹಣ್ಣು ಕೊರೆದು ಬೆರಳಿಗೆ ಟೊಪ್ಪಿಗೆ ತೊಡಿಸಿದಂತೆ ಸಿಕ್ಕಿಸಿದ್ದಳು. ದವಾಖಾನೆಗೆ ಹೋಗೆಂದರೆ ಅವನು ಕೇಳಲೊಲ್ಲ. ಊರಿಗೆಲ್ಲ ಗದರುವ ಮನುಷ್ಯ, ಒಂದು ಹನಿ ರಕ್ತ ಕಂಡರೆ ಗೋಡೆ ಹಿಡಿಯುತ್ತಿದ್ದ.

ಅಂದಾನೆಪ್ಪ ಬಂದ. ಪಡಸಾಲೆಯ ಗಾದಿಯ ಮೇಲೆ ಇಬ್ಬರೂ ಕೂತು ಕೈಗಳ ಮೇಲೆ ಶಲ್ಯ ಹೊದಿಸಿಕೊಂಡರು. ಬೆರಳಿಗಾಗಿ ತಡಕಾಡಿದ ಅಂದಾನೆಪ್ಪನಿಗೆ ಸಿಕ್ಕದ್ದು ಲಿಂಬೆಹಣ್ಣು. ಇದು ಯಾವ ದರವೋ ತಿಳಿಯದೆ ಅವನು ಗಟ್ಟಿಯಾಗಿ ಅಮುಕಿ ನೋಡಿದ. ಮಡಿವಾಳೆಪ್ಪ ಕೂಗಿದ ಕೂಗಿಗೆ ಹಿತ್ತಲಿನ ಎಮ್ಮೆ ಹಗ್ಗ ಜಗ್ಗಿತು. ಲಿಂಬೆಹಣ್ಣು ಉರುಳುತ್ತ ಹೋಗಿ ನಡುಮನೆಯ ಹೊಸ್ತಿಲಿಗೆ ನಿಂತಿತು.

ಗುರುಬಸವ್ವ ಅದನ್ನು ದಾಟಿ ಹೊರಗೆ ಬಂದಳು. ಬೋಗುಣಿಯಲ್ಲಿ ಕಾಯಿಸಿದ ಉಪ್ಪುನೀರು, ಹೆಗಲ ಮೇಲೆ ಒಗೆದ ಬಟ್ಟೆಯ ಪಟ್ಟಿ. ಮುಂಜಾನೆಯಿಂದ ಇವಳು ಒಲೆ ಬಿಟ್ಟು ಏಕೆ ಕದಲಿರಲಿಲ್ಲವೆಂದು ಸಾವಿತ್ರೆವ್ವನಿಗೆ ಆಗ ಹೊಳೆಯಿತು.

"ಕೈ ಕೊಡ ಯಪ್ಪಾ. ಹಣ್ಣಾಗೇತಿ, ಕೊಯ್ಯೂದೇನಿಲ್ಲ. ಬಿಸಿನೀರಾಗ ತಾನ ಒಡೀತೈತಿ."

"ನಾ ನೋಡಂಗಿಲ್ಲ."

"ನೋಡಬ್ಯಾಡ." ಅವನ ಕೈಯನ್ನು ನೀರಿಗಿಳಿಸಿ, ತನ್ನ ಕೈಯನ್ನೂ ಜೊತೆಗಿಟ್ಟು, ಅದೇ ಶಲ್ಯವನ್ನು ಮೇಲೆ ಹೊದಿಸಿದಳು. ಆಮೇಲೆ ಅಂದಾನೆಪ್ಪನಿಗೂ ಕೇಳುವಂತೆ ಹೇಳಿದಳು. "ಹೆಂಗೂ ಕೈ ಶಲ್ಯದ ಬುಡಕ ಐತಿ, ಒಂದು ವ್ಯಾಪಾರ ಮಾಡೂಣು. ನಾ ಬೆಳಗಾವಿಗೆ ನರ್ಸ್ ಕೆಲಸಾ ಕಲಿಯಾಕ ಹೋಗೂದು. ಒಪ್ಪಿಗಿ ಇದ್ರ ನನ್ನ ಬೆರಳ ಹಿಡಿ. ಇಲ್ಲಂದ್ರ ಸುಮ್ಮನಿರು."

ಅಂದಾನೆಪ್ಪ ಹೊಟ್ಟೆ ಕುಲುಕಿಸಿ ನಕ್ಕ. ಗುರುಬಸವ್ವನೂ ನಕ್ಕಳು, ಆದರೆ ಅವಳ ಕಣ್ಣು ಶಲ್ಯ ಬಿಟ್ಟು ಕದಲಲಿಲ್ಲ. ಅಪ್ಪ ಸುಮ್ಮನಿದ್ದರೆ ಮುಗಿಯಿತು. ರಾಮದುರ್ಗ ಮತ್ತು ಸಾಯುವತನಕ ಹತ್ತಿಯ ಮಾತು.

ಮಡಿವಾಳೆಪ್ಪ ಹಲ್ಲು ಕಚ್ಚಿದ, ಗೊತ್ತಿದ್ದ ದೇವರನ್ನೆಲ್ಲ ಕರೆದ. ಆಮೇಲೆ ಒಂದು ಕ್ಷಣ ಸುಮ್ಮನಾಗಿ, ಮತ್ತೆ ಮೊದಲಿಗಿಂತ ಜೋರಾಗಿ ಕೂಗಿದ. ಗುರುಬಸವ್ವ ಶಲ್ಯ ತೆಗೆದಳು. ಅವಳ ಬೆರಳು ಅಪ್ಪನ ಮುಷ್ಟಿಯಲ್ಲಿತ್ತು.

"ನೋವಿಗೆ ಹಿಡದೆ. ಅದು ಲೆಕ್ಕಕ್ಕಿಲ್ಲ," ಎಂದ ಮಡಿವಾಳೆಪ್ಪ.

ಅಂದಾನೆಪ್ಪ ಈ ಗಳಿಗೆಗಾಗಿ ಒಂದು ವರ್ಷ ಕಾದಿದ್ದ. "ಹಂಗ ಹೆಂಗಾಕ್ಕೈತ್ರಿ ಸಾವಕಾರ್ರ? ನೊಂದದ್ದು ಬೆರಳ, ಹಿಡದದ್ದು ಕೈ. ಶಲ್ಯದ ಬುಡಕ ಹಿಡದದ್ದು ಹಿಡದದ್ದ. ನಾನ ಸಾಕ್ಷಿ," ಎಂದು ತೊಡೆ ತಟ್ಟಿದ. ಸಾವಿತ್ರೆವ್ವ ಹಣೆ ಬಡಿದುಕೊಂಡಾಗಲೇ ಅವನಿಗೆ ತಾನು ಕೈಯಾರೆ ಏನು ಕಳೆದುಕೊಂಡೆನೆಂದು ತಿಳಿದದ್ದು. ಸಾಕ್ಷಿಯ ಮಾತು ಹಿಂತೆಗೆಯುವಂತಿರಲಿಲ್ಲ. ಪಾಪ, ಹತ್ತಿಯ ದರವನ್ನಾದರೂ ಮಾತಾಡೋಣವೆಂದು ಶಲ್ಯ ಹಿಂಡುತ್ತ ಕೂತ.

ಗುರುಬಸವ್ವ ತಲೆ ತಗ್ಗಿಸಿ ಪಟ್ಟಿ ಸುತ್ತತೊಡಗಿದಳು. ನೀರಿನಲ್ಲಿ ಏನಾಯಿತೆಂದು ಅವಳಿಗೆ ಗೊತ್ತಿತ್ತು. ಕೀವು ಮೊದಲು ಒಡೆದಿತ್ತು. ಅಪ್ಪನ ಕೈ ಸಡಿಲಾಗಿ, ಉಸಿರು ನಿರಾಳವಾಗಿತ್ತು. ಆಮೇಲೆ ಆ ಕೈ ನಿಧಾನವಾಗಿ ತಡಕಾಡಿ, ಅವಳ ಬೆರಳು ಹುಡುಕಿ ಹಿಡಿದಿತ್ತು. ಎರಡನೆಯ ಕೂಗು ಬಂದದ್ದು ಅದಾದ ಮೇಲೆ. ಅವಳ ಕಣ್ಣು ತುಂಬಿ ಪಟ್ಟಿಯ ಗಂಟು ಕಾಣದಾಯಿತು.

"ಬಿಗಿ ಆತೇನ ಯಪ್ಪಾ?"

"ಆತು," ಎಂದ ಮಡಿವಾಳೆಪ್ಪ, ಅಕ್ಕನಿಗೆ ಕೇಳದಷ್ಟು ಸಣ್ಣ ದನಿಯಲ್ಲಿ. "ಬೆಳಗಾವ್ಯಾಗ ಚಂದಂಗ ಕಟ್ಟೂದು ಕಲತು ಬಾ."