ಓರೆಸ್ಟ್ ಇಲ್ಲದ ಚುನಾವಣೆ

"ತೆಗಿ ಅದನ್ನ," ಎನ್ನುತ್ತಲೇ ಸ್ಟೆಫಾನಿಯಾ ಗಂಡನ ಕೋಟಿಗೆ ತಾನೇ ಕೈ ಹಾಕಿದಳು. ಚರ್ಚಿನಲ್ಲಿ ಶವದ ಪೆಟ್ಟಿಗೆಗೆ ಇನ್ನೂ ಮುಚ್ಚಳ ಬಿದ್ದಿರಲಿಲ್ಲ. ಒಳಗೆ ಓರೆಸ್ಟ್ ಮಂದ್ರಿಕ್ ತನ್ನ ಒಂದೇ ಒಂದು ಕೋಟು ತೊಟ್ಟು ಮಲಗಿದ್ದ. ಅದರ ಎದೆಗೆ ಮಗ ಡ್ಯಾರಿಲ್ ಈಗಷ್ಟೇ ಕನ್ಸರ್ವೇಟಿವ್ ಪಕ್ಷದ ನೀಲಿ ಬಿಲ್ಲೆ ಚುಚ್ಚಿದ್ದ. ಪಿನ್ನು ಬಟ್ಟೆಗೆ ಸಿಕ್ಕಿಕೊಂಡು ಬರಲೊಲ್ಲದು. ಡ್ಯಾರಿಲ್ ತಾಯಿಯ ಮಣಿಕಟ್ಟು ಹಿಡಿದ.

"ಬಿಡಮ್ಮಾ. ಅಪ್ಪಂಗೆ ಇಷ್ಟ ಆಗ್ತಿತ್ತು."

"ಇಷ್ಟ ಆಗ್ತಿತ್ತು ಅಂತ ಗೊತ್ತು. ಅದಕ್ಕೇ ತೆಗಿ ಅಂದಿದ್ದು. ದೇವರ ಎದುರಿಗಾದ್ರೂ ಜಗಳಕ್ಕೆ ನಿಲ್ಲದೆ ಹೋಗ್ಲಿ."

ಅಷ್ಟರಲ್ಲಿ ನೆಲಮಾಳಿಗೆಯಿಂದ ಜಾಯ್ಸ್ ಏದುಸಿರು ಬಿಡುತ್ತ ಮೇಲೆ ಬಂದಳು. ಜಾಯ್ಸ್ ನಮ್ಮೂರಿನ ಅಂಚೆ ಕಚೇರಿ ನೋಡಿಕೊಳ್ಳುವವಳು, ಚುನಾವಣೆ ಬಂದರೆ ಮತಗಟ್ಟೆಯ ಅಧಿಕಾರಿ. ಯಾರೋ ಆಗಲೇ ಕೆಳಗೆ ಹೋಗಿ ಅವಳಿಗೆ ಸುದ್ದಿ ಮುಟ್ಟಿಸಿದ್ದರು.

"ಡ್ಯಾರಿಲ್, ಮತಗಟ್ಟೆ ಇರೋ ಕಟ್ಟಡದಲ್ಲಿ ಪಕ್ಷದ ಗುರುತು ಇರಬಾರ್ದು."

"ಹೆಣಕ್ಕೂ ಕಾನೂನಾ?"

"ನಂಗೆ ಕೊಟ್ಟಿರೋ ಪುಸ್ತಕದಲ್ಲಿ ಹೆಣದ ವಿಷಯ ಬರೆದಿಲ್ಲ. ಬಿಲ್ಲೆ ವಿಷಯ ಬರೆದಿದಾರೆ."

ಡ್ಯಾರಿಲ್ ಬಿಲ್ಲೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಕೋಟಿನಲ್ಲಿ ಸಣ್ಣ ತೂತು ಉಳಿಯಿತು. "ಸತ್ತ ಮೇಲೂ ಒಟ್ಟಾವಾದ ಸರ್ಕಾರದೋರು ಅಪ್ಪನ ಬಾಯಿ ಮುಚ್ಚಿಸಿದ್ರು," ಎಂದು ಹಿಂದಿನ ಬೆಂಚುಗಳಿಗೂ ಕೇಳುವಂತೆ ಹೇಳಿದ.

ಸಸ್ಕ್ಯಾಚುವನ್ ಪ್ರಾಂತದ ಬಯಲಿನಲ್ಲಿರುವ ವೆರ್ಬಾ ಎಂಬ ನಮ್ಮ ಊರಿಗೆ ಬೆಚ್ಚನೆಯ ದೊಡ್ಡ ಜಾಗ ಎಂದಿರುವುದು ಉಕ್ರೇನಿಯನ್ ಚರ್ಚಿನ ನೆಲಮಾಳಿಗೆ ಒಂದೇ. ಮದುವೆಯ ಊಟ, ಸಾವಿನ ಊಟ, ಇಸ್ಪೀಟು, ಮತದಾನ ಎಲ್ಲವೂ ಅಲ್ಲೇ. ಓರೆಸ್ಟ್ ಸಾಯಲು ಆರಿಸಿಕೊಂಡ ವಾರ ಎಂಥದೆಂದರೆ, ಮಣ್ಣು ಮಾಡುವ ದಿನವೂ ದೇಶದ ಚುನಾವಣೆಯೂ ಒಂದೇ ಸೋಮವಾರಕ್ಕೆ ಬಂದವು. ಮೇಲೆ ಪಾದ್ರಿ, ಕೆಳಗೆ ಮತಪೆಟ್ಟಿಗೆ. ಊಟಕ್ಕೆ ಜಾಗವಿಲ್ಲದೆ ಅಗ್ನಿಶಾಮಕ ಠಾಣೆಯ ಲಾರಿಯನ್ನು ಹೊರಗೆ ನಿಲ್ಲಿಸಿ, ಅಲ್ಲಿ ಮೇಜು ಹಾಕಿ, ಎಲೆಕೋಸಿನ ಸುರುಳಿಗಳನ್ನೂ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬುಗಳನ್ನೂ ಸಾಗಿಸಿದ್ದರು. ಬದುಕಿರುವವರೆಗೂ ಜನರಿಗೆ ತೊಂದರೆ ಕೊಟ್ಟ ಓರೆಸ್ಟ್ ಹೋಗುವಾಗಲೂ ಪದ್ಧತಿ ಬಿಡಲಿಲ್ಲ.

*

ಸಹಕಾರಿ ಅಂಗಡಿಯ ಮೂಲೆಯ ಮೇಜಿನಲ್ಲಿ ಬೆಳಿಗ್ಗೆ ಕಾಫಿಗೆ ಕೂರುವ ಗಂಡಸರ ಸಾಲಿನಲ್ಲಿ ಓರೆಸ್ಟನದು ಗೋಡೆಗೆ ಬೆನ್ನು ಕೊಟ್ಟ ಕುರ್ಚಿ. ಯಾರು ಹವಾಮಾನದ ಮಾತೆತ್ತಿದರೂ ಅವನು ಅದನ್ನು ಒಟ್ಟಾವಾಕ್ಕೆ ತಂದು ನಿಲ್ಲಿಸುತ್ತಿದ್ದ.

"ಮಳೆ ಬಂದು ಗೋಧಿ ನೆನೀತು, ಗ್ಯಾಸ್ ಉರಿಸಿ ಒಣಗಿಸಿದೆ. ಅದಕ್ಕೆ ಇಂಗಾಲದ ತೆರಿಗೆ! ಮಳೆ ನಾನು ತರಿಸಿದ್ನಾ? ನನ್ನ ಬಾತುಕೋಳಿ ಹೊಡೆಯೋ ಕೋವಿನ ಸರ್ಕಾರದಲ್ಲಿ ಬರೆಸ್ಬೇಕು ಅಂದ್ರು. ಟೊರಾಂಟೊದಲ್ಲಿ ಕಳ್ಳರು ಸಾಲಾಗಿ ನಿಂತು ಬರೆಸಿದ್ರಾ? ನಮ್ಮ ವೋಟಿನ ಪೆಟ್ಟಿಗೆ ತೆರೆಯೋ ಹೊತ್ತಿಗೆ ಅವರು ಪ್ರಧಾನಿನ ಆರಿಸಿ, ಹಲ್ಲುಜ್ಜಿ ಮಲಗಿರ್ತಾರೆ. ನಾವು ವೋಟು ಹಾಕೋದು ಸುಮ್ನೆ ಪೆನ್ಸಿಲ್ ಸವೆಸೋಕೆ. ಈಗ ಕಾರು ಬಿಟ್ಟು ಬಸ್ಸಲ್ಲಿ ಹೋಗಿ ಅಂತಾರೆ. ಮೈನಸ್ ನಲವತ್ತರಲ್ಲಿ ಯಾವ ಬಸ್ಸು? ಇದ್ದ ಬಸ್ಸೂ ನಿಂತೋಯ್ತು."

"ಆ ಬಸ್ಸು ನಿಲ್ಸಿದ್ದು ನಿನ್ನೋರೇ," ಎಂದು ಹಿಟ್ಟಿನ ಚೀಲ ಹೊತ್ತು ಹಾದು ಹೋಗುತ್ತಿದ್ದ ಸ್ಟೆಫಾನಿಯಾ ಹೇಳುತ್ತಿದ್ದಳು.

ಗಂಡಸರೆಲ್ಲ ಕಪ್ಪಿನೊಳಗೆ ಮುಖ ಇಟ್ಟು ನಗುತ್ತಿದ್ದರು. ಓರೆಸ್ಟನ ಗೆಳೆಯ ಪೆಟ್ರೊ ಮಾತ್ರ ನಗುತ್ತಿರಲಿಲ್ಲ. ಅವನಿಗೆ ಸ್ಟೆಫಾನಿಯಾಳನ್ನು ಕಂಡರೆ ಆಗುತ್ತಿರಲಿಲ್ಲ, ಅದನ್ನು ಮುಚ್ಚಿಡುವ ಮರ್ಯಾದೆಯೂ ಅವನಿಗಿರಲಿಲ್ಲ.

ಅವಳು ಕಿತ್ತಳೆ ಬಣ್ಣದ ಎನ್‌ಡಿಪಿ ಪಕ್ಷದವಳು. ಚಿಕ್ಕವಳಿದ್ದಾಗ, ಡಾಕ್ಟರನ್ನು ಕರೆಸಲು ಕಾಸಿಲ್ಲದೆ ಅವಳ ತಂಗಿ ಅಡುಗೆಮನೆಯ ಬೆಂಚಿನ ಮೇಲೆ ಸತ್ತಿದ್ದಳು. ಆಮೇಲೆ ಈ ಪ್ರಾಂತದಲ್ಲಿ ಎಲ್ಲರಿಗೂ ಪುಕ್ಕಟೆ ಡಾಕ್ಟರನ್ನು ತಂದವರು ಆ ಪಕ್ಷದ ಹಿರಿಯರು. ಅಷ್ಟೇ ಅವಳ ರಾಜಕೀಯ. ಉಳಿದದ್ದನ್ನೆಲ್ಲ ಗಂಡನ ಬಾಯಿಗೆ ಉತ್ತರ ಕೊಟ್ಟು ಕೊಟ್ಟು ಕಲಿತಿದ್ದಳು.

ಪ್ರತಿ ಚುನಾವಣೆಗೂ ಇಬ್ಬರೂ ಒಂದೇ ಟ್ರಕ್ಕಿನಲ್ಲಿ ಚರ್ಚಿಗೆ ಬರುತ್ತಿದ್ದರು. ನೆಲಮಾಳಿಗೆಯ ಬಾಗಿಲಲ್ಲಿ ಓರೆಸ್ಟ್ "ನಡಿ, ನನ್ನ ವೋಟು ಹೊಡೆದು ಹಾಕು" ಎನ್ನುತ್ತಿದ್ದ. ಅವನು ನೀಲಿಗೆ, ಅವಳು ಕಿತ್ತಳೆಗೆ. ಮಂದ್ರಿಕ್ ಮನೆಯಿಂದ ದೇಶಕ್ಕೆ ಸೊನ್ನೆ ಎಂದು ಇಡೀ ವೆರ್ಬಾ ತಮಾಷೆ ಮಾಡುತ್ತಿತ್ತು.

*

ಪಾದ್ರಿಯ ಮಂತ್ರ ಮುಗಿದು ಧೂಪದ ಹೊಗೆ ಇನ್ನೂ ಆಡುತ್ತಿದ್ದಾಗ ಪೆಟ್ರೊ ಬಂದು ಸ್ಟೆಫಾನಿಯಾಳ ಪಕ್ಕದ ಬೆಂಚಿನಲ್ಲಿ ಕೂತ. ಹೆಣ ಹೊರುವ ಆರು ಜನರಲ್ಲಿ ಅವನೂ ಒಬ್ಬ. ಆಗಲೇ ಬಿಳಿ ಕೈಗವಸು ಹಾಕಿಕೊಂಡಿದ್ದ.

"ಸ್ಟೆಫಾ, ಇವತ್ತು ನೀನು ಕೆಳಗೆ ಇಳಿಯಲ್ಲ ತಾನೆ?"

"ಯಾಕೆ, ಮೆಟ್ಟಿಲು ಮುರಿದಿದೆಯಾ?"

"ತಮಾಷೆ ಬೇಡ. ನಿನ್ನ ವೋಟು ಹೊಡೆದು ಹಾಕೋಕೆ ಅವನಿಲ್ಲ. ಗಂಡ ಪೆಟ್ಟಿಗೇಲಿ ಮಲಗಿರೋವಾಗ ಅವನ ಎದೆ ಮೇಲೆ ನಿಂತು ವೋಟು ಹಾಕ್ತೀಯಾ?"

"ಎದೆ ಮೇಲಲ್ಲ, ನೆಲಮಾಳಿಗೇಲಿ."

ಡ್ಯಾರಿಲ್ ಬಂದು ತಾಯಿಯ ಎದುರು ಮಂಡಿಯೂರಿದ. ಅವನು ರೆಜೈನಾ ನಗರದಲ್ಲಿ ಟ್ರಾಕ್ಟರ್ ಮಾರುವವನು, ಮಾತಿನಲ್ಲಿ ಬೆಣ್ಣೆ. "ಅಮ್ಮಾ, ಸಮಾಧಿ ಕೆಲಸ ಮುಗಿದಿದ್ದೇ ನಾವು ನಮ್ಮ ಮನೆಗೆ ಹೊರಡ್ತೀವಿ. ನಿನ್ನ ಬಟ್ಟೆ ಪೆಟ್ಟಿಗೆ ಕಾರಲ್ಲಿ ಇಟ್ಟಾಗಿದೆ. ಇಲ್ಲಿ ಒಬ್ಳೇ ಇರೋದು ಬೇಡ."

"ಊಟ?"

"ದಾರೀಲಿ ಮಾಡೋಣ."

ಅವಳಿಗೆ ಅರ್ಥವಾಯಿತು. ಮಗ ಈ ಪ್ರೀತಿಗೆ ಹೊತ್ತು ಗೊತ್ತು ಎಲ್ಲ ನೋಡಿ ಇಟ್ಟಿದ್ದ. ರಾತ್ರಿ ಮತಗಟ್ಟೆ ಮುಚ್ಚುವಾಗ ಅವಳು ರೆಜೈನಾದ ಸೋಫಾದ ಮೇಲೆ ಕೂತಿರಬೇಕು.

"ನೀನು ಆಸ್ಪತ್ರೇಲಿ ಅಪ್ಪಂಗೆ ಮಾತು ಕೊಟ್ಟಿದೀಯ," ಎಂದ ಡ್ಯಾರಿಲ್, ಈಗ ಬೆಣ್ಣೆಯಿಲ್ಲದೆ. "ಈ ಸಲ ಅವರ ಪರವಾಗಿ ಹಾಕ್ತೀನಿ ಅಂತ. ನಾನು ಬಾಗಿಲಲ್ಲೇ ಇದ್ದೆ, ತಲೆ ಆಡಿಸಿದೆ ನೀನು. ಅವರ ಪರವಾಗಿ ಹಾಕೋದಾದ್ರೆ ನಾನೇ ಕೈ ಹಿಡಿದು ಕರ್ಕೊಂಡ್ಹೋಗ್ತೀನಿ. ಇಲ್ಲಾಂದ್ರೆ ಸುಮ್ನೆ ಕಾರಿಗೆ ನಡಿ."

"ತಲೆ ಆಡಿಸಿದ್ದು ನರ್ಸಿಗೆ. ಕಿಟಕಿ ಮುಚ್ಚಲಾ ಅಂತ ಕೇಳಿದ್ಲು."

"ಸುಳ್ಳು," ಎಂದ ಪೆಟ್ರೊ.

*

ಹಿಂದಿನ ವಾರ ಯಾರ್ಕ್‌ಟನ್ ಪಟ್ಟಣದ ಆಸ್ಪತ್ರೆಗೆ ಚುನಾವಣೆಯವರೇ ಬಂದಿದ್ದರು. ಓಡಾಡಲಾಗದ ರೋಗಿಗಳ ಮಂಚದ ಹತ್ತಿರವೇ ಮತಪತ್ರ, ಲಕೋಟೆ, ಪೆನ್ಸಿಲು. ಓರೆಸ್ಟ್ ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದನ್ನ ಎಲ್ಲಿ ಎಣಿಸ್ತಾರೆ?"

ಬಂದಿದ್ದ ಹುಡುಗಿ ಪ್ರಾಮಾಣಿಕಳು. ಕೆಲವು ಇಲ್ಲಿ, ಕೆಲವು ಒಟ್ಟಾವಾದಲ್ಲಿ, ನೋಡಿ ಹೇಳಬೇಕು ಎಂದಳು.

"ಒಟ್ಟಾವಾ! ನನ್ನ ಕೋವಿ ಎಣಿಸಿದ್ರು, ನನ್ನ ಗೋಧಿ ಎಣಿಸಿದ್ರು, ಈಗ ವೋಟೂ ಅವರೇ ಎಣಿಸ್ಬೇಕಾ? ಕದಿಯೋನ ಕೈಗೇ ಕೊಟ್ಟು ಜೋಪಾನ ಅನ್ಬೇಕಾ? ತಗೊಂಡ್ಹೋಗಮ್ಮ. ನಾನು ಸೋಮವಾರ ವೆರ್ಬಾ ಚರ್ಚಲ್ಲಿ ಹಾಕ್ತೀನಿ."

ಸೋಮವಾರದವರೆಗೆ ಅವನಿರುವುದಿಲ್ಲ ಎಂದು ಆ ಕೋಣೆಯಲ್ಲಿ ಅವನೊಬ್ಬನಿಗೇ ಗೊತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಅವನಿಗೂ ಗೊತ್ತಾಯಿತು.

"ಸ್ಟೆಫಾ," ಎಂದ, ಆಮ್ಲಜನಕದ ನಳಿಗೆ ಮೂಗಿನಲ್ಲಿಟ್ಟುಕೊಂಡೇ. "ಈ ಒಂದ್ಸಲ ನನ್ನದು ನೀನು ಹಾಕು."

"ಎರಡು ಸಾವಿರದ ಆರು," ಎಂದಳು ಅವಳು.

ಅವನು ಕಣ್ಣು ಅಗಲಿಸಿ ನೋಡಿದ. "ಅದನ್ನ ಇನ್ನೂ ಇಟ್ಕೊಂಡಿದೀಯಾ?"

ಇಟ್ಟುಕೊಂಡಿದ್ದಳು. ಆ ಜನವರಿಯ ಚುನಾವಣೆಗೆ ಮುಂಚೆ ಕೊಟ್ಟಿಗೆಯ ಮುಂದಿನ ಮಂಜುಗಡ್ಡೆಯಲ್ಲಿ ಜಾರಿ ಅವಳು ಕಾಲು ಮುರಿದುಕೊಂಡಿದ್ದಳು. ನೀನು ಹೋಗಲಾಗದಿದ್ದರೆ ನಾನೂ ಹೋಗುವುದಿಲ್ಲ, ಅಲ್ಲಿಗಲ್ಲಿಗೆ ಸರಿಹೋಯಿತು ಎಂದು ಓರೆಸ್ಟ್ ಮಾತು ಕೊಟ್ಟಿದ್ದ. ಆ ದಿನ ಹಾಲು ತರುತ್ತೇನೆಂದು ಹೋದವನು ಹಾಲಿಲ್ಲದೆ ಬಂದ. ಸುಳ್ಳು ಹೇಳಿ ದಕ್ಕಿಸಿಕೊಳ್ಳುವಷ್ಟು ಹೊಟ್ಟೆ ಗಟ್ಟಿ ಇರಲಿಲ್ಲ ಅವನಿಗೆ, ಬಾಗಿಲಲ್ಲೇ ಕಕ್ಕಿಬಿಟ್ಟ: "ಹಾಕಿಬಿಟ್ಟೆ ಕಣೇ! ನನ್ನ ಜೀವಮಾನದಲ್ಲಿ ಒಂದ್ಸಲ ನನ್ನ ವೋಟು ಬದುಕಿದೆ!" ರಾತ್ರಿ ಅವನ ಪಕ್ಷ ಗೆದ್ದಿತು. ಅಡುಗೆಮನೆಯಲ್ಲಿ ಒಬ್ಬನೇ ಕುಣಿದ. ಅವಳು ಊರುಗೋಲು ಎಸೆದಳು. ಹಿಮ ಕರಗುವವರೆಗೆ ಅವನು ತನ್ನ ಮೊಟ್ಟೆ ತಾನೇ ಬೇಯಿಸಿಕೊಂಡ.

ಅದೆಲ್ಲ ನೆನಪಾಗಿ ಆಸ್ಪತ್ರೆಯ ಮಂಚದ ಮೇಲೆ ಓರೆಸ್ಟ್ ನಳಿಗೆ ಕಳಚುವಷ್ಟು ನಕ್ಕ. ಅವಳು ಅದನ್ನು ಮತ್ತೆ ಸಿಕ್ಕಿಸಿದಳು. ಆಮೇಲೆ ಅವನು ನಗಲಿಲ್ಲ.

"ನಿಜವಾಗ್ಲೂ ಕೇಳ್ತಿದೀನಿ, ಸ್ಟೆಫಾ."

ಅವಳು ಹೊದಿಕೆ ಸರಿಮಾಡಿದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬೆಳಗಾಗುವಷ್ಟರಲ್ಲಿ ಉತ್ತರ ಕೇಳಿಸಿಕೊಳ್ಳುವವನೇ ಇರಲಿಲ್ಲ. ಅವಳಿಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು. ಬಾಯಿ ತುಂಬ ಜಗಳ ಉಳಿಸಿ ಹೋದ ಗಂಡನನ್ನು ಯಾವ ಹೆಂಡತಿ ಕ್ಷಮಿಸುತ್ತಾಳೆ?

*

ಪೆಟ್ಟಿಗೆಗೆ ಮುಚ್ಚಳ ಹಾಕಿ, ಆರು ಜನ ಹಿಡಿ ಹಿಡಿದು ಎತ್ತಿದರು. ಮುಂದೆ ಶಿಲುಬೆ, ಅದರ ಹಿಂದೆ ಪಾದ್ರಿ, ಅವರ ಹಿಂದೆ ಓರೆಸ್ಟ್, ಅವನ ಹಿಂದೆ ಸ್ಟೆಫಾನಿಯಾ. ಬಾಗಿಲ ಬಳಿ ನೆಲಮಾಳಿಗೆಗೆ ಹೋಗುವ ಮೆಟ್ಟಿಲಿದೆ. ಪೆಟ್ಟಿಗೆ ನೇರ ಹೊರಗೆ ಹೋಯಿತು, ಅವಳು ಎಡಕ್ಕೆ ತಿರುಗಿ ಕೆಳಗಿಳಿದಳು.

ಗುರುತಿನ ಚೀಟಿಯನ್ನು ಅವಳು ಕೈಗವಸಿನೊಳಗೆ ಇಟ್ಟುಕೊಂಡಿದ್ದಳು. ಕೈಚೀಲವನ್ನು ಮಗ ಕಾರಿನಲ್ಲಿ ಬೀಗ ಹಾಕಿ ಇಡುತ್ತಾನೆಂದು ಹೆತ್ತವಳಿಗೆ ಗೊತ್ತಿಲ್ಲವೇ. ಜಾಯ್ಸ್ ಚೀಟಿ ನೋಡಿ, ಮುಖ ನೋಡಿ, ಮತಪತ್ರ ಮಡಿಸಿ ಕೊಟ್ಟಳು.

"ನಿಧಾನಕ್ಕೆ ಹಾಕು, ಸ್ಟೆಫಾ. ಯಾರೂ ಓಡಿಸಲ್ಲ."

ರಟ್ಟಿನ ಮರೆಯ ಹಿಂದೆ ಅವಳು ಪೆನ್ಸಿಲು ಹಿಡಿದು ನಿಂತಳು. ನೀಲಿಯ ಹೆಸರು ಮೇಲಿತ್ತು, ಕಿತ್ತಳೆಯದು ಕೆಳಗೆ. ಮೇಲಿನದರ ಹತ್ತಿರ ಪೆನ್ಸಿಲಿನ ಮೊನೆ ಹೋಗಿ ಸ್ವಲ್ಪ ಹೊತ್ತು ನಿಂತಿತು. ಹಾಕಿದರೆ ಯಾರಿಗೂ ಗೊತ್ತಾಗದು. ಹಾಕಿದರೆ ಅವನು ಗೆದ್ದ, ಎರಡನೆಯ ಸಲವೂ ಗೆದ್ದ, ಅದೂ ಸತ್ತು.

"ಆಗಲ್ಲ ಹೋಗೋ," ಎಂದು ಗಟ್ಟಿಯಾಗಿಯೇ ಹೇಳಿ, ಕೆಳಗಿನ ಹೆಸರಿನ ಮುಂದೆ ಒತ್ತಿ ಗುರುತು ಹಾಕಿದಳು.

ಪಕ್ಕದ ಮರೆಯಲ್ಲಿ ನಿಂತು ಕೆಮ್ಮಲು ಓರೆಸ್ಟ್ ಇರಲಿಲ್ಲ. ಅವಳ ವೋಟು ಬದುಕಿತ್ತು. ಅದನ್ನು ಹೇಳಿ ಹೊಟ್ಟೆ ಉರಿಸಬೇಕಾಗಿದ್ದವನೊಬ್ಬ, ಅವನು ಮೇಲೆ ಬಿಸಿಲಲ್ಲಿ ಮಲಗಿದ್ದ. ಸಾವಿನ ಮನೆಯಲ್ಲಿ ಬಾರದಿದ್ದ ಅಳು ಅಲ್ಲಿ, ಆ ರಟ್ಟಿನ ಹಿಂದೆ ಬಂತು. ಸಾಲಿನಲ್ಲಿದ್ದವರು ಗೋಡೆ ನೋಡುತ್ತ ನಿಂತರು.

ಮೇಲೆ ಪಾದ್ರಿ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ್ದರು. ವಿಧವೆ ಇಲ್ಲದೆ ಪೆಟ್ಟಿಗೆಯನ್ನು ಹೆಣದ ಗಾಡಿಗೆ ಏರಿಸುವಂತಿಲ್ಲ, ಒಮ್ಮೆ ಎತ್ತಿದ್ದನ್ನು ದಾರಿಯಲ್ಲಿ ಇಳಿಸುವುದು ನಮ್ಮಲ್ಲಿಲ್ಲ. ಅಕ್ಟೋಬರದ ಗಾಳಿಗೆ ಮೆಟ್ಟಿಲ ಮೇಲೆ ಆರು ಜನ ಓರೆಸ್ಟನ ಭಾರ ಹಿಡಿದು ನಿಂತಿದ್ದರು. ಅವನು ಸಣ್ಣ ಆಳಲ್ಲ. ಎಲ್ಲರ ಮುಖ ಕೆಂಪೇರಿತ್ತು, ಡ್ಯಾರಿಲ್‌ನದು ಭಾರಕ್ಕಲ್ಲ.

ಸ್ಟೆಫಾನಿಯಾ ಕಣ್ಣೊರೆಸಿಕೊಳ್ಳುತ್ತ ಬಂದಳು.

"ಯಾರಿಗೆ ಹಾಕ್ದೆ?" ಡ್ಯಾರಿಲ್ ಕೇಳಿದ.

"ಯಾವಾಗ್ಲೂ ಹಾಕೋರಿಗೇ."

"ಥೂ," ಎಂದ ಪೆಟ್ರೊ. "ಇವಳ ಜೊತೆ ಸ್ಮಶಾನಕ್ಕೆ ನಾನು ಬರಲ್ಲ. ನಂದಿನ್ನೂ ಹಾಕಿಲ್ಲ. ಈಗ್ಲೇ ಹೋಗಿ ಇವಳದ್ದನ್ನ ಹೊಡೆದು ಹಾಕಿ ಬರ್ತೀನಿ."

"ನೀನು ಹೇಗಿದ್ರೂ ಅವರಿಗೇ ಹಾಕ್ತಿದ್ದೆ, ಪೆಟ್ರೊ. ಅದು ಲೆಕ್ಕಕ್ಕಿಲ್ಲ."

ಪಾದ್ರಿ "ಪೆಟ್ರೊ!" ಎನ್ನುವಷ್ಟರಲ್ಲಿ ಅವನು ಹಿಡಿ ಬಿಟ್ಟು ನಡೆದೇಬಿಟ್ಟಿದ್ದ. ಪೆಟ್ಟಿಗೆ ಆ ಕಡೆಗೆ ವಾಲಿತು. ಹೆಂಗಸರು ಕೂಗಿಕೊಂಡರು. ಹತ್ತಿರದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು, ಯಾರೂ ಮುಂದೆ ಬರಲಿಲ್ಲ.

ಸ್ಟೆಫಾನಿಯಾ ಕೈಗವಸು ಕಿತ್ತು ಜೇಬಿಗೆ ತುರುಕಿ, ಪೆಟ್ರೊ ಬಿಟ್ಟ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಎದುರಿನ ಹಿಡಿ ಡ್ಯಾರಿಲ್‌ನದು.

"ಬಿಡಮ್ಮಾ, ನಿನ್ನ ಕೈಲಾಗಲ್ಲ."

"ಇವನ ಭಾರ ನಂಗೆ ಹೊಸದಲ್ಲ. ನಿನ್ನ ಕಡೆ ಸರಿಯಾಗಿ ಹಿಡಿ, ಎಲ್ಲಾ ನನ್ನ ಕಡೆಗೇ ತಳ್ತಿದೀಯ."

ಡ್ಯಾರಿಲ್ ಹಲ್ಲು ಕಚ್ಚಿ ಅವಳನ್ನೇ ನೋಡಿದ. ಅವಳೂ ಕಣ್ಣು ತೆಗೆಯಲಿಲ್ಲ. ಮಗ ತನ್ನ ಕಡೆ ಬಿಗಿ ಹಿಡಿದ, ತಾಯಿ ತನ್ನ ಕಡೆ ಎಳೆದು ಹಿಡಿದಳು. ನಡುವೆ ಓರೆಸ್ಟ್ ಮಟ್ಟಸವಾದ, ಮೆಟ್ಟಿಲು ಇಳಿದ.